ಮದುಮಗಳ ಬೆನ್ನಿಗೆ ಬಾಡಿದ ಹೂ

ನನ್ನ ಹೊಟ್ಟೆಕಿಚ್ಚಿನ ವಿಷಯವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಗೆ ಸಿಕ್ಕರೆ ಉಪ್ಪುಖಾರ ಹಚ್ಚುತ್ತಾರೆ.

ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಎಷ್ಟೋ ವರ್ಷದಿಂದ ನಾನು ಬ್ಲೌಸ್ ಹೊಲಿಯುತ್ತೇನೆ, ಅದರ ಮೇಲೆ ಆರಿ ಸೂಜಿಯಲ್ಲಿ ಹೂಬಳ್ಳಿಯನ್ನೂ ಹಾಕುತ್ತೇನೆ. ಮೈದುನನ ಮದುವೆಯಾಗಿ ಧರ್ಮಪುರದ ಕಡೆಯಿಂದ ವಾರಗಿತ್ತಿ ಬಂದಳು. ಅವಳಿಗೆ ಸೂಜಿ ಹಿಡಿಯಲು ಕಲಿಸಿದವಳು ನಾನೇ. ಮೊದಲ ವರ್ಷ ದಾರ ತುಂಡಾದರೂ ‘ಅಕ್ಕಾ’ ಎನ್ನುತ್ತಿದ್ದಳು. ಎರಡನೆಯ ವರ್ಷ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, “ನಿಮ್ಮ ತಂಗಿ ಇಲ್ವೇನ್ರಿ?” ಎಂದು ಕೇಳತೊಡಗಿದರು. ಎದುರಿಗೇ ಕೂತ ನಾನೇನು ಕಂಬವೇ?

ಹೋದ ವರ್ಷ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯ ಹುಡುಗಿಯೊಬ್ಬಳು ಬಂದಳು. ಮದುವೆ ಗೊತ್ತಾಗಿತ್ತು. ಕೈಯಲ್ಲಿ ಆರು ಪೋಸ್ಟ್‌ಕಾರ್ಡು. ಕಾರ್ಡೆಂದರೆ ನಮಗೆ ಅಂಚೆಯ ಹಳದಿ ಕಾರ್ಡು. ಇವು ದಪ್ಪ, ನುಣುಪು, ಹಿಂದೆ ವಿಳಾಸಕ್ಕೆ ಗೆರೆ ಇದ್ದರೂ ಬರೆಯಲು ಮನಸ್ಸು ಬಾರದಂಥವು. ಅವಳ ಗೆಳತಿ ಯಾವುದೋ ಹೊರದೇಶದ ಚಿತ್ರಶಾಲೆಯಲ್ಲಿ ಕೊಂಡು ತಂದದ್ದಂತೆ. ಆರರಲ್ಲೂ ಒಂದೇ ಹಳೆಯ ಚಿತ್ರ: ಕತ್ತಲೆಯಂಥ ಹಿನ್ನೆಲೆ, ಮೇಜಿನ ಮೇಲೊಂದು ಗಾಜಿನ ಹೂಜಿ, ಅದರ ತುಂಬ ಗುಲಾಬಿ ಮತ್ತು ನನಗೆ ಹೆಸರು ಗೊತ್ತಿಲ್ಲದ ಹೂಗಳು. ಒಂದು ಕಾರ್ಡಿನಲ್ಲಿ ಇಡೀ ಚಿತ್ರ, ಉಳಿದ ಐದರಲ್ಲಿ ಅದರದೇ ಒಂದೊಂದು ಭಾಗ ದೊಡ್ಡದಾಗಿ. ಎಲೆಯ ಮೇಲೆ ಬಿಡಿಸಿದ್ದ ನೀರಹನಿಯನ್ನು ನಾನು ಬೆರಳಿನಿಂದ ಒರೆಸಲು ಹೋದೆ.

“ಇದು ನನ್ನ ಮುಹೂರ್ತದ ಬ್ಲೌಸಿನ ಬೆನ್ನಿಗೆ ಬರಬೇಕು, ಇದ್ದದ್ದು ಇದ್ದಂಗೆ,” ಎಂದಳು ಹುಡುಗಿ. ನಾನು ಕೈ ಚಾಚಿದೆ. ಅವಳು ಕಾರ್ಡುಗಳನ್ನು ನನ್ನ ಕೈ ದಾಟಿಸಿ ವಾರಗಿತ್ತಿಗೆ ಕೊಟ್ಟಳು. “ಇವರೇ ಹಾಕ್ಲಿ. ಕಾರ್ಡೂ ಇವರೇ ಇಟ್ಕಳ್ಲಿ.”

ಅಬ್ಬಾ! ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಒಂದು ಹಂಡೆ ನೀರು ಕಾಯುತ್ತಿತ್ತು.

ವಾರಗಿತ್ತಿ ಕಾರ್ಡುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ಅದರ ಕೆಳಗೆ ಬಟ್ಟೆ ಬಿಗಿದ ಚೌಕಟ್ಟು ಇಟ್ಟುಕೊಂಡು ಕೂತಳು. “ಅಕ್ಕ, ಕೆಲ್ಸ ಮುಗಿದ್ ಮೇಲೆ ನೀನೂ ಒಂದು ತಗಳಕ್ಕ. ಗುಲಾಬಿದು ಚೆನ್ನಾಗೈತೆ,” ಎಂದಳು. “ನಂಗ್ಯಾಕವ್ವ ಆ ಕಾಗದ,” ಎಂದು ಮೂಗು ಮುರಿದೆ. ಮೂಗು ಮುರಿದವಳೇ, ಅವಳು ನೀರು ಹಿಡಿಯಲು ಹೋದಾಗಲೆಲ್ಲ ಆ ಗೋಡೆಯ ಮುಂದೆ ನಿಲ್ಲುತ್ತಿದ್ದೆ.

ಹಾಗೆ ನಿಂತಾಗಲೇ ಕಂಡದ್ದು. ಹೂಜಿಯ ಪಕ್ಕದಲ್ಲಿ ಒಂದು ಹೂ ಕತ್ತು ಮುರಿದು ಮೇಜಿನ ಮೇಲೆ ಬಿದ್ದಿತ್ತು. ಎಸಳಿನ ಅಂಚು ಕಂದಿತ್ತು, ಎರಡು ಎಸಳು ಉದುರಿದ್ದವು. ಆ ಕಲಾವಿದನಿಗೆ ಅದರಲ್ಲೇನು ಚೆಂದ ಕಂಡಿತೋ. ನಮ್ಮಲ್ಲಿ ಮದುಮಗಳ ಹತ್ತಿರ ಬಾಡಿದ ಹೂವನ್ನು ಸುಳಿಯಗೊಡುವುದಿಲ್ಲ. ದಂಡೆಯಲ್ಲಿ ಒಂದು ಮೊಗ್ಗು ಕಂದಿದರೂ ಕಿತ್ತು ಎಸೆಯುತ್ತಾರೆ. ವಾರಗಿತ್ತಿಯ ಕಣ್ಣಿಗೆ ಅದು ಬರೀ ಚಿತ್ರ, ಇದ್ದದ್ದು ಇದ್ದಂತೆ ಇಳಿಸುವುದಷ್ಟೇ ಅವಳ ಚಿಂತೆ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ದಿನಾ ಮಧ್ಯಾಹ್ನ ಕರೆಯುತ್ತಿದ್ದಳು. “ಅಕ್ಕಾ, ನೋಡ್ ಬಾ. ಸರಿ ಐತಾ?”

“ಐತೆ.”

ಆ ಬಿದ್ದ ಹೂವಿಗೆ ಕೈ ಹಾಕಿದ ದಿನ ಕೇಳಿದಳು: “ಅಕ್ಕ, ನಿನ್ ಡಬ್ಬಿಯಾಗೆ ಕಂದು ರೇಷ್ಮೆ ದಾರ ಐತಾ?” ಇತ್ತು. ಎದ್ದು ಹೋಗಿ ನನ್ನ ಕೈಯಾರೆ ತೆಗೆದುಕೊಟ್ಟೆ. ಮೂರು ದಿನ ಕೂತು ಹಾಕಿದಳು. ಹಾಳಾದವಳು, ಎಷ್ಟು ಚೆನ್ನಾಗಿ ಹಾಕಿದ್ದಳೆಂದರೆ ಮುಟ್ಟಿದರೆ ಎಸಳು ಪುಡಿಯಾದೀತು ಅನ್ನಿಸುತ್ತಿತ್ತು. ಅದು ನನ್ನ ಕೈಯಿಂದ ಈ ಜನ್ಮಕ್ಕೆ ಆಗದು. ಅದಕ್ಕೇ ಇನ್ನಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡೆ.

ಕೆಲಸ ನೋಡಲು ಹುಡುಗಿ ಬಂದಾಗ ಅವಳ ಸೋದರತ್ತೆಯೂ ಜೊತೆಗಿದ್ದರು. ಬಟ್ಟೆ ಇನ್ನೂ ಚೌಕಟ್ಟಿನಲ್ಲೇ ಇತ್ತು. ಮೊದಲು ಇಬ್ಬರೂ ಬಾಯಿ ತೆರೆದು ನೋಡಿದರು. ಆಮೇಲೆ ಸೋದರತ್ತೆಯ ಬೆರಳು ಕೆಳಗಿನ ಮೂಲೆಗೆ ಹೋಗಿ ನಿಂತಿತು.

“ಇದೇನ್ರಿ ಇದು? ಬಾಡಿದ್ ಹೂವ ಬೆನ್ನಿಗ್ ಹೊತ್ಕಂಡು ನಮ್ ಹುಡುಗಿ ಮುಹೂರ್ತಕ್ಕೆ ಕುಂತ್ಕಬೇಕೇನ್ರಿ? ನಿಮಗೆ ಅಷ್ಟೂ ತಿಳಿಯಲ್ವಾ?”

ಹುಡುಗಿಯ ಕಣ್ಣು ತುಂಬಿತು. ವಾರಗಿತ್ತಿಯ ಮುಖ ಬಿಳುಚಿತು. ಆದರೂ ಧೈರ್ಯವಾಗಿ ನನ್ನ ಕಡೆ ಕೈ ತೋರಿಸಿದಳು.

“ಇಲ್ಲ ಕಣ್ರಮ್ಮ, ನಮ್ಮಕ್ಕ ದಿನಾ ನೋಡಿ ಸರಿ ಐತೆ ಅಂದಿದ್ರು. ತಪ್ಪಿದ್ದಿದ್ರೆ ಅವರ ಕಣ್ಣಿಗೆ ಬೀಳ್ದೆ ಇರ್ತಿರಲಿಲ್ಲ. ನಂಗೆ ಸೂಜಿ ಹಿಡಿಸಿದೋರೇ ಅವರು.”

ಮೂವರೂ ನನ್ನನ್ನೇ ನೋಡಿದರು.

“ಆ ಮೂಲೆ... ನಾನು ಅಷ್ಟು ಗಮನಿಸಿರಲಿಲ್ಲ ಕಣವ್ವ,” ಎಂದೆ.

ಹೊಲಿಗೆ ಯಂತ್ರದ ಮೇಲೆ ನನ್ನ ದಾರದ ಡಬ್ಬಿ ತೆರೆದೇ ಇತ್ತು, ಕಂದು ದಾರದ ಉಂಡೆ ಎಲ್ಲಕ್ಕಿಂತ ಮೇಲಿತ್ತು. ವಾರಗಿತ್ತಿ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಕೊಡು, ನಾನು ಬಿಚ್ತೀನಿ,” ಎಂದೆ, ಅವರು ಹೋದ ಮೇಲೆ.

“ಬ್ಯಾಡ ಬಿಡಕ್ಕ.”

ಎರಡು ದಿನ ಕೂತು ಒಂದೊಂದೇ ಎಳೆ ಬಿಚ್ಚಿ, ಅಲ್ಲಿ ಎರಡು ಮೊಗ್ಗು ಹಾಕಿದಳು. ಮದುವೆಗೆ ಇಬ್ಬರೂ ಹೋದೆವು. ಹೆಂಗಸರೆಲ್ಲ ಮದುಮಗಳ ಬೆನ್ನು ತಿರುಗಿಸಿ ತಿರುಗಿಸಿ ನೋಡಿ ಕೈಕೆಲಸ ಹೊಗಳಿದರು. ನನಗೆ ಆಗಲೂ ಉರಿಯಿತು, ನಾಚಿಕೆಗೆಟ್ಟ ಹೊಟ್ಟೆ.

ಕಾರ್ಡುಗಳು ಈಗಲೂ ಆ ಗೋಡೆಯಲ್ಲಿವೆ. ಆರೂ ಇವೆ. ನನಗೊಂದು ಬೇಕೇ ಎಂದು ಅವಳು ಮತ್ತೆ ಕೇಳಲಿಲ್ಲ. ಚೌಕಟ್ಟನ್ನು ನನಗೆ ಕಾಣದಂತೆ ತಿರುಗಿಸಿಕೊಂಡು ಕೂರುತ್ತಾಳೆ. ಊಟ ಬಡಿಸುತ್ತಾಳೆ, ನಗುತ್ತಾಳೆ, ‘ಅಕ್ಕ’ ಎಂದೇ ಕರೆಯುತ್ತಾಳೆ. ಕೆಲಸ ಒಂದು ಹದಕ್ಕೆ ಬಂದಾಗ ಮಾತ್ರ ಒಳಮನೆಯ ಕಡೆ ಮುಖ ಮಾಡಿ ಕೂಗುತ್ತಾಳೆ: “ಅತ್ತೇ, ನೋಡ್ ಬರ್ರಿ. ಸರಿ ಐತಾ?”

ನಮ್ಮ ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಗೋಡೆ ಹಿಡಿದುಕೊಂಡು ಬಂದು, ಬಟ್ಟೆಯ ಮೇಲೆ ಅಂಗೈ ಆಡಿಸಿ, “ಚೆಂದ ಐತೆ ಕಣವ್ವ,” ಎನ್ನುತ್ತಾರೆ. ನಾನು ಯಂತ್ರ ನಿಲ್ಲಿಸಿ, ಆ ಕಣ್ಣು ಕಾಣದ ಮುದುಕಿಯನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತೇನೆ.