ನೆನೆಸಿ ಬಿಡಿಸುವ ಕೈ

೧೯೮೫ರ ಧನುರ್ಮಾಸ, ಬೆಳಗಿನ ಆರು ಗಂಟೆ. ಕುರುಬರಹಳ್ಳಿ ರಸ್ತೆಯ ಹಾಲಿನ ಬೂತಿನ ಮುಂದೆ ಕ್ಯೂ ಇನ್ನೂ ಕರಗಿಲ್ಲ. ಅದರ ಪಕ್ಕದ ಎರಡು ಕೋಣೆಯ ದವಾಖಾನೆಯಲ್ಲಿ ಚಿಕ್ಕಗಂಗಮ್ಮ ಸೀಮೆಎಣ್ಣೆ ಸ್ಟೌ ಹಚ್ಚಿ, ಉಪ್ಪುನೀರು ಕುದಿಸಿ, ಮುಚ್ಚಿ ಆರಲು ಇಟ್ಟಿದ್ದಾರೆ. ಡಾಕ್ಟರು ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಗಾಯ ತೊಳೆದು ಕಟ್ಟುವ ಕೆಲಸವೆಲ್ಲ ಇವರದು.

ಬೆಂಚಿನ ಮೇಲೆ ವೆಂಕಟಗಿರಿ ಕೂತಿದ್ದಾನೆ. ಇಪ್ಪತ್ತಾರರ ಆಳು, ರಾಜಾಜಿನಗರದಲ್ಲಿ ಲೋಹಕ್ಕೆ ಲೇಪ ಕೊಡುವ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ. ಕಾರ್ತಿಕದ ಕೊನೆಯಲ್ಲಿ ಕುದಿಯುವ ಕಾಸ್ಟಿಕ್ ನೀರು ಬಲಗೈ ಮೇಲೆ ಚೆಲ್ಲಿ, ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ತೊಗಲು ಎದ್ದುಹೋಗಿದೆ. ಇವತ್ತು ಬ್ಯಾಂಡೇಜಿನ ಮೇಲೆ ಹೊಸ ರಕ್ತ ಕಾಣುತ್ತಿದೆ.

"ಯಾರು ಬಿಚ್ಚಿದ್ದು?"

"ನಾನೇ ಅಮ್ಮ. ಕಡಿತ ತಡೆಯಕ್ಕಾಗ್ಲಿಲ್ಲ. ಒಣಗಿ ಅಂಟ್ಕೊಂಡಿತ್ತು, ಒಂದೇ ಸಲ ಎಳೆದ್ಬಿಟ್ಟೆ."

"ಎಳೆಯೋಕೆ ಅದೇನು ಗೋಡೆ ಮೇಲಿನ ಸಿನಿಮಾ ಪೋಸ್ಟರಾ?"

ಬೆಂಚಿನವರೆಲ್ಲ ನಗುತ್ತಾರೆ. ವೆಂಕಟಗಿರಿಯೂ ನಗುತ್ತಾನೆ, ಆಮೇಲೆ ತಲೆ ತಗ್ಗಿಸುತ್ತಾನೆ. ಸಂಕ್ರಾಂತಿಯ ಮರುದಿನ ಡಾಕ್ಟರು ಕೈ ನೋಡುತ್ತಾರೆ. ಅಷ್ಟರಲ್ಲಿ ಗಾಯ ಮುಚ್ಚದಿದ್ದರೆ ತೊಡೆಯ ಚರ್ಮ ತೆಗೆದು ಕೈಗೆ ಹಾಕಿಸಲು ದೊಡ್ಡಾಸ್ಪತ್ರೆಗೆ ಹೋಗಬೇಕು. ಗೆಣ್ಣು ಬಿಗಿದುಕೊಂಡರೆ ಮುಷ್ಟಿ ಕಟ್ಟುವುದಿಲ್ಲ. ಮುಷ್ಟಿ ಕಟ್ಟದ ಕೈಗೆ ಶೆಡ್ಡಿನಲ್ಲಿ ಕೆಲಸವಿಲ್ಲ.

ಚಿಕ್ಕಗಂಗಮ್ಮ ಗೋಡೆಯ ಮೊಳೆಯಿಂದ ಒಂದು ಹಾಳೆ ತೆಗೆಯುತ್ತಾರೆ. ಹಳೆಯ ಎಕ್ಸ್‌ರೇ ಹಾಳೆ ಅದು. ಬಟ್ಟೆ ಸೋಡಾ ನೀರಲ್ಲಿ ನೆನೆಸಿ, ಉಜ್ಜಿ, ಗಾಜಿನ ಹಾಗೆ ತಿಳಿಯಾಗಿಸಿದ್ದಾರೆ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಗಾಯಕ್ಕೆ ತಾಗದಂತೆ ಕೂದಲೆಳೆಯಷ್ಟು ಮೇಲೆ ಹಿಡಿದು, ಹಾಳೆಯ ಮೇಲೆ ಗಾಯದ ಸುತ್ತ ಮೇಣದ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ವಾರಕ್ಕೊಂದು ಗೆರೆ. ಹೊಸ ಗೆರೆ ಹಳೆಯದರ ಒಳಗೆ ಬಿದ್ದರೆ ಗಾಯ ಕುಗ್ಗುತ್ತಿದೆ ಎಂದರ್ಥ. ಇವತ್ತಿನ ಗೆರೆ ಹೋದ ವಾರದ್ದನ್ನು ದಾಟಿ ಆಚೆ ಬಿದ್ದಿದೆ.

"ನೋಡು, ಎಂಟು ದಿನ ಬೆಳೆದಿದ್ದ ಹೊದಿಕೆ, ಬಟ್ಟೆ ಜೊತೆಗೇ ಕಿತ್ಕೊಂಡು ಹೋಯ್ತು," ಎನ್ನುತ್ತಾರೆ. ಬೈಯುವುದಿಲ್ಲ. ಬೈಯದಿರುವುದಕ್ಕೆ ಕಾರಣವಿದೆ.

ಹದಿನೆಂಟು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಇವರು ನೆಲ ಒರೆಸಲು ಇಲ್ಲಿಗೆ ಸೇರಿದವರು. ಓದಿದ್ದು ಮೂರನೇ ಕ್ಲಾಸು. ಗಾಯ ಕಟ್ಟುವ ಡ್ರೆಸ್ಸರ್ ರಜೆ ಹಾಕಿದ ಒಂದು ದಿನ, ಪಾಪಮ್ಮ ಎಂಬಾಕೆಯ ಕಾಲಿನ ಪಟ್ಟಿಯನ್ನು ಇವರೇ ಬಿಚ್ಚಿದರು. ಬೇಗ ಆಗಲಿ ಎಂದು ಒಣ ಬಟ್ಟೆಯನ್ನು ಸರಕ್ಕನೆ ಎಳೆದರು. "ಆಯಮ್ಮ ಕೂಗ್ಲಿಲ್ಲ. ನನ್ನ ಮುಖ ನೋಡಿದ್ಲು ಅಷ್ಟೆ. ಬಟ್ಟೇಲಿ ಈರುಳ್ಳಿ ಪೊರೆ ಥರ ತೆಳ್ಳಗೆ ಏನೋ ಬಂದಿತ್ತು. ಅದೇ ಹೊಸ ತೊಗಲು ಅಂತ ಡಾಕ್ಟ್ರು ತೋರಿಸ್ದಾಗ ನನಗೆ ಅನ್ನ ಸೇರ್ಲಿಲ್ಲ." ಪಾಪಮ್ಮನ ಕಾಲು ವಾಸಿಯಾಗಲು ಮತ್ತೆರಡು ತಿಂಗಳು ಹಿಡಿಯಿತು. ಅಂದಿನಿಂದ ಈ ಕೈ ಒಣ ಬಟ್ಟೆ ಎಳೆದಿಲ್ಲ.

ಆ ಪೊರೆಗೆ ಡಾಕ್ಟರು ಎಪಿಥೀಲಿಯಂ ಎನ್ನುತ್ತಾರೆ. ಇವರು ಹೊದಿಕೆ ಎನ್ನುತ್ತಾರೆ. "ಮೈಗೆಲ್ಲ ಅದೇ ಹೊದಿಕೆ ಕಣಪ್ಪಾ. ಹೊರಗೆ ತೊಗಲು, ಬಾಯೊಳಗೆ, ಗಂಟಲಲ್ಲಿ, ಕರುಳಲ್ಲೂ ಅದರದ್ದೇ ಬೇರೆ ಬೇರೆ ಥರ. ಅದಿರೋವರೆಗೆ ಕೊಳೆ ಒಳಕ್ಕೆ ಬರಲ್ಲ, ಮೈ ನೀರು ಹೊರಕ್ಕೆ ಹೋಗಲ್ಲ." ಗಾಯದ ಅಂಚು ಚಪ್ಪಟೆಯಾಗಿ, ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಒಳಕ್ಕೆ ಹರಿಯುತ್ತಿದ್ದರೆ ಇವರಿಗೆ ನೆಮ್ಮದಿ. ತಿಂಗಳುಗಟ್ಟಲೆ ಮಾಯದೆ ಅಂಚು ಗಟ್ಟಿಯಾಗಿ ಮೇಲೆದ್ದರೆ ಮುಟ್ಟದೆ ಡಾಕ್ಟರಿಗೆ ತೋರಿಸುತ್ತಾರೆ. ಹೊಗೆಸೊಪ್ಪು ಹಾಕುವವರ ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನೂ ಹಾಗೇ ಹಿಡಿದು ಕಳಿಸಿದ್ದಾರೆ. ಅವರಲ್ಲೊಬ್ಬರು ಗಾರೆ ಕೆಲಸದ ಸಿದ್ದಬಸಪ್ಪ. ಮಚ್ಚೆ ಕ್ಯಾನ್ಸರಿಗೆ ತಿರುಗುವ ಮುಂಚೆಯೇ ತೆಗೆಸಿಕೊಂಡು ಈಗಲೂ ಗೋಡೆ ಕಟ್ಟುತ್ತಿದ್ದಾರೆ.

ದಿನಕ್ಕೆ ಮೂವತ್ತರಿಂದ ನಲವತ್ತು ಗಾಯ. ಒಂದೊಂದಕ್ಕೂ ಉಪ್ಪುನೀರು ಹನಿಸಿ, ಬಟ್ಟೆ ತಾನಾಗಿ ತೇಲುವವರೆಗೆ ಕಾಯುತ್ತಾರೆ. ಒಮ್ಮೊಮ್ಮೆ ಕಾಲು ಗಂಟೆಯಾಗುತ್ತದೆ. ಕಾಯುವವರು ಗೊಣಗುತ್ತಾರೆ. "ಗಂಗಮ್ಮ, ನಿಮ್ಮ ಕೈಲಿ ಬಸ್ ಕೊಟ್ಟಿದ್ರೆ ಮೆಜೆಸ್ಟಿಕ್‌ಗೆ ಮಾರನೇ ದಿನ ಹೋಗ್ತಿದ್ವಿ," ಎಂದು ಛೇಡಿಸುತ್ತಾರೆ ಮುನಿವೆಂಕಟಪ್ಪ. ಸಕ್ಕರೆ ಕಾಯಿಲೆಯ ಅವರ ಹಿಮ್ಮಡಿ ಗಾಯ ಆರು ತಿಂಗಳಿಂದ ಇವರ ಕೈಯಲ್ಲಿದೆ. "ಹೋಗ್ತಿದ್ರಲ್ಲ, ಎರಡೂ ಕಾಲು ಇಟ್ಕೊಂಡು," ಎಂಬ ಉತ್ತರ ಕೂಡಲೇ ಬರುತ್ತದೆ.

ವೆಂಕಟಗಿರಿ ಅವತ್ತಿನಿಂದ ದಿನವೂ ಬರುತ್ತಾನೆ. ವ್ಯಾಸಲೀನ್ ಸವರಿದ ಬಟ್ಟೆ ಹೊದಿಸಿ ಕಟ್ಟಿದ ಮೇಲೂ ಚಿಕ್ಕಗಂಗಮ್ಮ ಅವನನ್ನು ಬಿಡುವುದಿಲ್ಲ, ಒಂದೊಂದೇ ಬೆರಳು ಮಡಿಸಿ ಬಿಡಿಸುತ್ತಾರೆ. ಮುಂದಿನ ವಾರದ ಗೆರೆ ಒಳಕ್ಕೆ ಬೀಳುತ್ತದೆ. ಅದರ ಮುಂದಿನದು ಹುಣಿಸೇಬೀಜದಷ್ಟು.

ಸಂಕ್ರಾಂತಿಯ ಮರುದಿನ ಅವನು ಎಡಗೈಯಲ್ಲಿ ತಾನೇ ಬಟ್ಟೆಯ ಮೇಲೆ ಉಪ್ಪುನೀರು ಹನಿಸಿಕೊಂಡು, ಗಡಿಯಾರ ನೋಡುತ್ತಾ ಸುಮ್ಮನೆ ಕೂರುತ್ತಾನೆ. ಬಟ್ಟೆ ತೇಲುತ್ತದೆ. ಚಿಕ್ಕಗಂಗಮ್ಮ ಹಾಳೆ ಹಿಡಿಯುತ್ತಾರೆ, ಪೆನ್ಸಿಲ್ ಎತ್ತುತ್ತಾರೆ, ಹಾಗೇ ಕೆಳಗಿಡುತ್ತಾರೆ. ಸುತ್ತು ಎಳೆಯಲು ಅಲ್ಲಿ ಗಾಯವೇ ಇಲ್ಲ. ಒಂಬತ್ತಕ್ಕೆ ಡಾಕ್ಟರು ಬಂದು ಮುಷ್ಟಿ ಕಟ್ಟಿಸಿ ನೋಡಿ, "ದೊಡ್ಡಾಸ್ಪತ್ರೆಗೆ ಚೀಟಿ ಬೇಡ," ಎನ್ನುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಚಿಕ್ಕಗಂಗಮ್ಮ ಹಾಳೆಯ ಗೆರೆಗಳನ್ನು ಒರೆಸುತ್ತಲೇ ಹೇಳುತ್ತಾರೆ: "ಇಲ್ಲಿಂದ ಹೋದೋರು ನನ್ನ ಹತ್ರ ವಾಪಸ್ ಬರಬಾರ್ದು. ಅಷ್ಟೆ."

ವೆಂಕಟಗಿರಿ ಹೋದದ್ದು ಜನವರಿ ಹದಿನೈದು, ಬುಧವಾರ. ಬಾಗಿಲಲ್ಲಿ ನಿಂತು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋದ.