ಸುದ್ದಿ ತಂದವನನ್ನು ತಡೆದ ದಿನ

ಹೆತ್ತೂರಿನ ಕಡೆಯ ಕಾಫಿ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಗಳಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತೊಂಬತ್ತರ ದಶಕದ ಕೊನೆಗೆ ಆಲೂರಿನಲ್ಲಿ ಒಂದು ಕೋಣೆ ಹಿಡಿದು, ಟ್ಯುಟೋರಿಯಲ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಕಟ್ಟಿದ್ದೆ. ಪಠ್ಯದಲ್ಲಿ ಒಂದು ಗ್ರೀಕ್ ದುರಂತ ನಾಟಕವಿತ್ತು. ಅದರ ಬಗ್ಗೆ ಮಾತಾಡಲು ಆ ಊರಿನಲ್ಲಿ ನನಗೆ ಒಬ್ಬರೂ ಇರಲಿಲ್ಲ. ಗೋಡೆಗೆ ಓದಿ ಹೇಳುತ್ತಿದ್ದೆ.

ನಾಟಕ ಹಿಡಿಸಲಿಲ್ಲ. ಸಾವು ಯಾವುದೂ ಕಣ್ಣೆದುರು ನಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬ ದೂತ ಬಂದು ಪುಟಗಟ್ಟಲೆ ಹೇಳುತ್ತಾನೆ. ಮೇಳದವರು, ಅಂದರೆ ಕೋರಸ್ಸಿನವರು, ನಿಂತು ಕೇಳುತ್ತಾರೆ, ಅಯ್ಯೋ ಅನ್ನುತ್ತಾರೆ, ಯಾರನ್ನೂ ಉಳಿಸುವುದಿಲ್ಲ. ಸತ್ತಿದ್ದು ಗೊತ್ತಾಯಿತಲ್ಲ, ಇನ್ನೇನು? ದೂತನ ಮಾತಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ಪುಟ ತಿರುವಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಾಗಿಲ ಮುಂದೆ ದೊಡ್ಡಪ್ಪ ನಿಂತಿದ್ದ. ರಕ್ತಸಂಬಂಧವಲ್ಲ, ಅಪ್ಪನ ಜೊತೆ ಮರಗಸಿಗೆ ಹೋಗುತ್ತಿದ್ದವನು. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ ಅದು. ಅಪ್ಪ ಮೇಲೆ, ದೊಡ್ಡಪ್ಪ ಕೆಳಗೆ ಹಗ್ಗ ಹಿಡಿದು.

"ಬಾ ದೊಡ್ಡಪ್ಪ, ಕೂತ್ಕೊ. ಕಾಫಿ ಕಾಯಿಸ್ತೀನಿ."

ಅವನು ಮೆಟ್ಟಿಲು ಹತ್ತಲಿಲ್ಲ. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. "ಬ್ಯಾಡ ಮಗ. ನೀರೂ ಬ್ಯಾಡ."

ನಮ್ಮಲ್ಲಿ ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಹೊರಗೇ ನಿಂತು, ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿ, ತಿರುಗಿ ನೋಡದೆ ಹೋಗುತ್ತಾನೆ. ಕೇಳುವವರ ಜೊತೆ ಬಸ್ಸು ಕೂಡ ಹತ್ತುವುದಿಲ್ಲ.

"ರಾತ್ರಿ ಮಳೆ ಹುಯ್ದು ಮರ ಜಾರ್ತಿತ್ತು ಮಗ. ಹತ್ತೋಕ್ ಮುಂಚೆ ನಿಮ್ಮಪ್ಪ ಬೀಡಿ ಹಚ್ಚಿ ನಿನ್ ವಿಷ್ಯ ತಗುದ. ಆಲೂರಲ್ಲಿ ನನ್ ಮಗ ಅವ್ನಲ್ಲ, ಅಂದ..."

"ಅಪ್ಪ ಅವ್ನೋ ಇಲ್ವೋ? ಅದನ್ ಹೇಳು ಮೊದ್ಲು."

"ತಡಿ ಮಾರಾಯ, ಹೇಳ್ತಾವ್ನಿ."

"ಕತೆ ಬ್ಯಾಡ ದೊಡ್ಡಪ್ಪ! ಅವ್ನೋ ಇಲ್ವೋ?"

ಅವನು ನನ್ನ ಮುಖವನ್ನೇ ನೋಡಿದ. "ಇಲ್ಲ" ಅಂದ. ಟವೆಲು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ನಾನು ಸಕಲೇಶಪುರದ ಕಡೆ ಹೋಗುವ ಲಾರಿಗೆ ಕೈ ಅಡ್ಡ ಹಾಕಿದೆ.

ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಮರದಡಿ ಅಪ್ಪನ ಮಾತು ಕೇಳಿಸಿಕೊಂಡವನು ದೊಡ್ಡಪ್ಪನೊಬ್ಬನೇ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವನ ಲೈನಿನ ಮನೆಗೆ ಹೋದೆ. ಅವನ ಹೆಂಡತಿ ಅಕ್ಕಿ ಕೇರುತ್ತಿದ್ದವಳು ತಲೆ ಎತ್ತದೆ ಅಂದಳು: "ಬಂದ್ರು ನೋಡು ಮೇಷ್ಟ್ರು. ಅವತ್ತು ಪುರುಸೊತ್ತಿರ್ಲಿಲ್ಲ, ಇವತ್ತೈತೆ."

"ಸುಮ್ಕಿರೇ" ಎಂದು ದೊಡ್ಡಪ್ಪ ನನಗೆ ಚಾಪೆ ಹಾಸಿದ.

"ಅಪ್ಪ ನನ್ ಬಗ್ಗೆ ಏನಂದ?"

"ಎರಡ್ನೇ ಸಲ ಹೇಳಬಾರ್ದು ಕಣೋ. ಹೇಳಿದ್ರೆ ಆ ಮನೆಗೆ ಇನ್ನೊಂದು ಸಾವು ಕರೆದಂಗೆ. ನಿಮ್ಮನೇಲಿ ಇನ್ಯಾರವ್ರೆ? ನೀನೊಬ್ನೇ."

"ನಾನ್ ಇದನ್ನೆಲ್ಲ ನಂಬಲ್ಲ ದೊಡ್ಡಪ್ಪ."

"ನಾನ್ ನಂಬ್ತೀನಲ್ಲ."

ಆಲೂರಿಗೆ ಬಂದು ರಬ್ಬರಿನಲ್ಲಿ ಆ ಅಡ್ಡಗೆರೆ ಅಳಿಸಿದೆ. ಗುರುತು ಹೋಗಲಿಲ್ಲ. ದೂತನ ಮಾತನ್ನು ನಿಂತುಕೊಂಡು, ಗಟ್ಟಿಯಾಗಿ, ಒಂದು ಸಾಲೂ ಬಿಡದೆ ಓದಿದೆ. ಆ ಕಾಲದ ಗ್ರೀಸಿನಲ್ಲಿ ಆ ನಾಟಕ ನೋಡಲು ಬರುತ್ತಿದ್ದವರಿಗೆ ಕತೆ ಮೊದಲೇ ಗೊತ್ತಿರುತ್ತಿತ್ತು. ಸತ್ತವರು ಯಾರೆಂದು ತಿಳಿಯಲು ಅವರು ಬರುತ್ತಿರಲಿಲ್ಲ. ಸತ್ತವನು ಆ ಬೆಳಿಗ್ಗೆ ಎಲ್ಲಿ ನಿಂತಿದ್ದ, ಯಾರ ಹೆಸರು ಹೇಳಿದ ಎಂಬುದನ್ನು ಅವಸರವಿಲ್ಲದೆ ಕೇಳಲು ಬರುತ್ತಿದ್ದರು. ಮೇಳದ ಕೆಲಸವೂ ಅಷ್ಟೇ, ಪೂರ್ತಿ ಕೇಳಿಸಿಕೊಳ್ಳುವುದು. ಅದು ಸಣ್ಣ ಕೆಲಸವೆಂದು ತಿಳಿದಿದ್ದೆ. ನನ್ನ ಕೈಲಿ ಒಂದು ನಿಮಿಷ ಆಗಲಿಲ್ಲ. ಈಗ ತರಗತಿಯಲ್ಲಿ ಯಾರಾದರೂ "ಸತ್ತ ಅಂತ ಗೊತ್ತಾಯ್ತಲ್ಲ ಸರ್, ಮುಂದೆ ಹೋಗೋಣ" ಅಂದರೆ ನಾನು ಮುಂದೆ ಹೋಗುವುದಿಲ್ಲ.

ದೊಡ್ಡಪ್ಪನನ್ನು ಮತ್ತೆರಡು ಸಲ ಕೇಳಿದೆ. ನಕ್ಕು ಮಾತು ತೇಲಿಸಿದ. ಕೆಲವು ವರ್ಷಗಳ ಮೇಲೆ ಅವನ ಅಳಿಯ ನನ್ನ ಬಾಗಿಲಿಗೆ ಬಂದ. ಮೆಟ್ಟಿಲು ಹತ್ತಲಿಲ್ಲ. ನಾನೇ ಕೆಳಗಿಳಿದು ಅವನೆದುರು ನಿಂತೆ. ದೊಡ್ಡಪ್ಪನಿಗೆ ಜ್ವರ ಬಂದದ್ದು, ಗಂಜಿ ಬೇಡವೆಂದದ್ದು, ಬೆಳಗಿನ ಜಾವ ಹಗ್ಗ ಎಲ್ಲಿ ಎಂದು ಕೇಳಿದ್ದು, ಎಲ್ಲ ಹೇಳಿದ. ನಡುವೆ ನಾನು ಬಾಯಿ ತೆರೆಯಲಿಲ್ಲ. ಎಲ್ಲಾದರೂ ಅಪ್ಪನ ಆ ಮಾತು ಬರುತ್ತದೇನೋ ಎಂದು ಕಾಯುತ್ತಿದ್ದೆ.

ಬರಲಿಲ್ಲ. ಅವನು ಹೇಳಿ ಮುಗಿಸಿ, ತಿರುಗಿ ನೋಡದೆ ಹೋದ.