ಜೇಬಿನ ಮೇಲೊಂದು ಮುಚ್ಚಳ

ಹೋದ ತಿಂಗಳು ಅಕ್ಕಲಕೋಟದ ಎಸ್.ಟಿ. ಸ್ಟ್ಯಾಂಡಿನಲ್ಲಿ ನನ್ನ ಪೆನ್ನು ಬಸ್ ಹತ್ತಿ ಹೋಯಿತು. ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು.

ನಗಬೇಡಿ. ಯಾರಿಗಾದರೂ ಪೆನ್ನು ಕೊಡುವಾಗ ಮುಚ್ಚಳ ತೆಗೆದು ಕೈಯಲ್ಲಿಟ್ಟುಕೊಂಡೇ ಕೊಡಬೇಕು ಎನ್ನುವುದು ನಮ್ಮೆಲ್ಲರ ಶಾಸ್ತ್ರ. ಮುಚ್ಚಳವಿಲ್ಲದ ಪೆನ್ನನ್ನು ಜೇಬಿಗೆ ಹಾಕಿಕೊಂಡು ಯಾರು ತಾನೇ ಹೋದಾರು? ಪೋಸ್ಟ್ ಆಫೀಸಿನಲ್ಲಿ ನೋಡಿ. ಒಬ್ಬ ಬರೆಯುತ್ತಿರುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಮುಚ್ಚಳ ಹಿಡಿದು ಕಾಯುತ್ತಿರುತ್ತಾನೆ. ಅವತ್ತು ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಇನ್‌ಲ್ಯಾಂಡ್ ಲೆಟರಿನ ಮೇಲೆ ವಿಳಾಸ ಬರೆಯಲು ನನ್ನ ಪೆನ್ನು ಕೇಳಿದರು. ಅರ್ಧ ಬರೆಯುವಷ್ಟರಲ್ಲಿ ಚಪಳಗಾಂವದ ಬಸ್ ಹೊರಟಿತು. ಓಡಿ ಹತ್ತಿಬಿಟ್ಟರು. ಕಿಟಕಿಯಿಂದ ಪೆನ್ನು ಅಲ್ಲಾಡಿಸುತ್ತ ಏನೋ ಕೂಗಿದರು. ನಾನೂ ಮುಚ್ಚಳ ಅಲ್ಲಾಡಿಸಿದೆ. ಇನ್ನೇನು ಮಾಡಲಿ?

ಹೊಸ ಪೆನ್ನು ಬೇಕಾಯಿತು. (ಬಾಲ್ ಪೆನ್ ತಗೊಳ್ಳಿ ಎಂದು ದಯವಿಟ್ಟು ಬುದ್ಧಿ ಹೇಳಬೇಡಿ. ಅದರಲ್ಲಿ ಬರೆದರೆ ನನ್ನ ಅಕ್ಷರದ ಗುರುತು ನನಗೇ ಸಿಗುವುದಿಲ್ಲ.) ನನ್ನದು ಚಾದರದ ವ್ಯಾಪಾರ. ಸೋಲಾಪುರದಿಂದ ಸ್ಯಾಂಪಲ್ ಗಂಟು ಕಟ್ಟಿಕೊಂಡು ಅಕ್ಕಲಕೋಟದ ಅಂಗಡಿಗಳಿಗೆ ತಿರುಗುತ್ತೇನೆ. ಗಂಟು ಬಿಚ್ಚಲು ಬಗ್ಗಿದರೆ ಸಾಕು, ಉದ್ದನೆಯ ಪೆನ್ನು ಜೇಬಿನಿಂದ ಜಾರಿ ನೆಲಕ್ಕೆ ಬಿದ್ದು ನಿಬ್ ಸೊಟ್ಟಗಾಗುತ್ತದೆ. ಇಲ್ಲವೇ ಸೋರಿ ಎದೆಯ ಮೇಲೆ ನೀಲಿ ಕಲೆ. "ಮಸಿ ದೌತಿ ಎದಿಗಿ ಕಟಗೊಂಡು ಅಡ್ಡಾಡ್ರಿ, ಪೆನ್ ಯಾಕ ಬೇಕು?" ಎಂದು ಬೈಯುತ್ತಲೇ ನನ್ನ ಹೆಂಡತಿ ಶಾಂತಾಬಾಯಿ ಲಿಂಬೆಹುಳಿ, ಉಪ್ಪು ಹಚ್ಚಿ ತಿಕ್ಕುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಕಲೆಗಳು ಹಾಗೇ ಇವೆ. ಬೈಯುವವರೂ ಇಲ್ಲ.

ಸೋಲಾಪುರದ ನವಿ ಪೇಠೆಯ ಪೆನ್ನಿನಂಗಡಿಯ ಸಿದ್ರಾಮಪ್ಪ ಕಪಾಟಿನಿಂದ ಬೆರಳುದ್ದದ ಒಂದು ಪೆನ್ನು ತೆಗೆದ. ಮುಚ್ಚಳವೇ ಉದ್ದ, ಒಡಲು ಮೋಟು. ಬರೆಯಬೇಕಾದರೆ ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸಿಕೊಳ್ಳಬೇಕು, ಆಗಷ್ಟೇ ಅದು ಕೈಗೆ ಹತ್ತುತ್ತದೆ.

"ಸಾವಕಾರ್ರ, ಇದನ್ನ ತಗೋರಿ. ಕಿಸೆದಾಗ ಪೂರಾ ಮುಳಗತೈತಿ. ಬಗ್ಗಿದ್ರ ಬೀಳಂಗಿಲ್ಲ, ಸೋರಂಗಿಲ್ಲ. ಮತ್ತ ಯಾರಿಗೂ ಕಾಣಂಗಿಲ್ಲ, ಕೇಳೋರ ತ್ರಾಸೂ ಇಲ್ಲ!"

ಬರೆದು ನೋಡಿ ಎಂದು ಕಾಗದ ಮುಂದಿಟ್ಟ. ಅದರ ತುಂಬ ಮರಾಠಿಯಲ್ಲಿ ಯಾರ್ಯಾರೋ ಬರೆದ ಶ್ರೀಕಾರಗಳು, ಸಹಿಗಳು. ನಾನು ನಡುವೆ ಜಾಗ ಹುಡುಕಿ ಕನ್ನಡದಲ್ಲಿ ಶಾಂತಾಬಾಯಿಯ ಹೆಸರು ಬರೆದೆ. ನಿಬ್ ಬೆಣ್ಣೆಯಂತೆ ಜಾರಿತು.

"ಏನ್ ಬರದ್ರಿ? ನಂಗ ಕನ್ನಡ ಮಾತಾಡಾಕ ಬರ್ತೈತಿ, ವಾಚಾಯಲಾ, ಓದಾಕ, ಬರಂಗಿಲ್ಲ ನೋಡ್ರಿ," ಎಂದ.

"ಏನಿಲ್ಲ, ಸುಮ್ಮನ," ಎಂದು ಪೆನ್ನು ಜೇಬಿಗೆ ಹಾಕಿಕೊಂಡೆ. ನಿಜಕ್ಕೂ ಪೂರ್ತಿ ಮುಳುಗಿತು.

ಪೆನ್ನಿನಲ್ಲಿ ಒಂದೇ ಒಂದು ದೋಷ ಸಿಗಲಿಲ್ಲ. ಬೀಳಲಿಲ್ಲ, ಸೋರಲಿಲ್ಲ. ಆದರೂ ಏನೋ ಕಡಿಮೆಯಾದಂತಿತ್ತು. ಒಂದು ಸಂಜೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಹೊಳೆಯಿತು. ವ್ಯಾಪಾರದ ಮಾತು ಬಿಟ್ಟರೆ ಬೆಳಗಿನಿಂದ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ. ನಿನ್ನೆಯೂ ಇಲ್ಲ. ಮೊನ್ನೆಯೂ ಇಲ್ಲ. ಹಾಗಾದರೆ ಮೊದಲು ಯಾರು ಮಾತಾಡಿಸುತ್ತಿದ್ದರು? "ಪೆನ್ ಐತೇನ್ರಿ?" ಎಂದು ಬರುತ್ತಿದ್ದವರು! ಬರೆಯುತ್ತ ಬರೆಯುತ್ತ ಯಾವೂರು, ಯಾರ ಪೈಕಿ ಎಂದು ಕೇಳುತ್ತಿದ್ದವರು. ತ್ರಾಸು ತಪ್ಪಲಿ ಎಂದು ಪೆನ್ನು ಮುಚ್ಚಿಟ್ಟೆ. ಅದರ ಜೊತೆಗೆ ನಾನೂ ಮುಚ್ಚಿಹೋಗಿದ್ದೆ. ಖಾನಾವಳಿ ತುಂಬಿ ಗಲಗಲ ಎನ್ನುತ್ತಿತ್ತು. ನನಗೆ ಅಲ್ಲಿ ಕೂತೇ ಅಳು ಬಂತು.

ಮರುದಿನ ಹಳೆಯ ಪೆನ್ನಿನ ಮುಚ್ಚಳವನ್ನು ಜೇಬಿನ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡೆ. ಕೆಳಗೆ ಪೆನ್ನಿಲ್ಲ, ಬರೀ ಮುಚ್ಚಳ. (ಹುಚ್ಚು ಎನ್ನುತ್ತೀರಾ? ಅನ್ನಿ.) ಎರಡು ದಿನ ಯಾರೂ ಕೇಳಲಿಲ್ಲ. ಮೂರನೆಯ ದಿನ ಸೋಲಾಪುರದ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸಿಗೆ ಕಾಯುತ್ತಿದ್ದಾಗ ಬಂದರು, ಕಂದಲಗಾಂವದ ರೈತರೊಬ್ಬರು.

"ಕಾಕಾ, ಪೆನ್ ಐತೇನ್ರಿ?"

ಜೇಬಿನ ಒಳಗಿನಿಂದ ಮೋಟು ಪೆನ್ನು ತೆಗೆದೆ. ಅಭ್ಯಾಸಬಲದಿಂದ ಮುಚ್ಚಳ ಇಟ್ಟುಕೊಂಡು ಒಡಲು ಕೊಟ್ಟೆ. ಅವರ ದಪ್ಪ ಬೆರಳಿಗೆ ಅದು ಸಿಗಲೇ ಇಲ್ಲ. "ಹಿಡಿಯಾಕ ಬರವಲ್ದಲ್ರಿ," ಎಂದರು. ಮುಚ್ಚಳವನ್ನೂ ಹಿಂದಕ್ಕೆ ಸಿಕ್ಕಿಸಿ ಕೊಟ್ಟೆ. ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಮನುಷ್ಯ ಓಡಿದರೆ ಓಡಿದ.

ಓಡಲಿಲ್ಲ. ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. "ಮಗಳನ್ನ ನಾಗರ ಪಂಚಮಿಗಿ ಕಳಸ್ರಿ ಅಂತ ಬೀಗರಿಗಿ ಬರಿಯಾಕತ್ತೀನ್ರಿ. ಹೋದ ವರ್ಷ ಕಳಸಲಿಲ್ಲ. ಖಾರನೂ ಆಗಬಾರದು, ಸಪ್ಪಗೂ ಆಗಬಾರದು. ಹ್ಯಾಂಗ ಬರೀಲ್ರಿ? ನಿಮ್ಮ ಮನ್ಯಾಗಿನವ್ರು ಇಂತಾದಕ್ಕ ಏನಂತಾರ?"

ಎಷ್ಟೋ ತಿಂಗಳ ಮೇಲೆ ಒಬ್ಬರು ಅವಳ ಮಾತೆತ್ತಿದ್ದರು.

"ಆಕಿ ಈಗಿಲ್ರಿ. ಇದ್ದಿದ್ರ ಅಂತಿದ್ಲು, ಜೋಕಾಲಿ ಕಟ್ಟೇವಿ, ಹುಡುಗಿನ್ನ ಕಳಸ್ರಿ. ಇಷ್ಟ ಬರೀರಿ, ಭಾಳ ಬ್ಯಾಡ, ಅಂತಿದ್ಲು."

ಅವರು ಅದನ್ನೇ ಬರೆದರು, ನಿಧಾನವಾಗಿ, ಒಂದೊಂದೇ ಅಕ್ಷರ. ಶಾಂತಾಬಾಯಿಯ ಮಾತು, ಕನ್ನಡದಲ್ಲಿ, ಯಾರದೋ ಕಾಗದದಲ್ಲಿ.

"ಕಾಕಾ, ನಿಮ್ಮ ಬಸ್ ಹೊಂಟಿತಲ್ರಿ!"

"ಹೋಗಲಿ, ಇನ್ನೊಂದು ಬರ್ತೈತಿ. ನೀವು ಬರೀರಿ."

ನಿಮ್ಮನ್ನು ಯಾರಾದರೂ "ಪೆನ್ ಐತೇನ್ರಿ?" ಎಂದು ಕೇಳಿ ಎಷ್ಟು ದಿನವಾಯಿತು?